ಸಾವಿಗೂ ಸುದ್ದಿಗೂ ನಡುವೆ



ಇವತ್ತು ರಾಜ್ಯ ರಾಜಕಾರಣಕ್ಕೆ ಒಂದು ದಿನ ರಜೆ. ಯಾರ ಮನೆಯಲ್ಲಿ ಡಿನ್ನರ್ ಮೀಟಿಂಗ್ ಆಯ್ತು, ದೆಹಲಿಗೆ ಯಾರು ಹೋದ್ರು, ಯಾರು ಬರಿಗೈಲಿ ವಾಪಸ್ ಬಂದ್ರು, ಇದನ್ನೇ ವಾರವಿಡೀ ಹೇಳಿ ಹೇಳಿ ನನಗೂ ಸಾಕಾಗಿದೆ, ಕೇಳಿ ಕೇಳಿ ನಿಮಗೂ ಸಾಕಾಗಿರುತ್ತೆ. ಇವತ್ತು ನಿಮ್ಮನ್ನ ಎರಡು ಸಾವಿರ ವರ್ಷ ಹಿಂದಕ್ಕೆ ಕರ್ಕೊಂಡು ಹೋಗ್ತೀನಿ. ರೋಮ್‌ಗೆ.

ರೋಮ್ ಕಥೆ ನಮಗ್ಯಾಕೆ ಸ್ವಾಮಿ ಅಂತ ಕೇಳೋರು ಇದ್ದಾರೆ. 1891ರಲ್ಲಿ ನಮ್ಮ ಬೆಂಗಳೂರಿನ ಯಶವಂತಪುರದಲ್ಲಿ ನೆಲ ಅಗೆಯುವಾಗ ನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್ ಕಾಲದ ನಾಣ್ಯಗಳವು. ಇವತ್ತು ಈರುಳ್ಳಿ ಲಾರಿಗಳು ಸಾಲುಗಟ್ಟಿ ನಿಲ್ಲೋ ಯಶವಂತಪುರದ ಮಣ್ಣಿನಲ್ಲಿ ರೋಮ್ ಚಕ್ರವರ್ತಿಗಳ ಮುಖ ಹೂತುಹೋಗಿತ್ತು. ಇಷ್ಟು ದೂರ ಬಂದು ಮಲಗಿದ್ದವರ ಬಗ್ಗೆ ಒಂದರ್ಧ ಗಂಟೆ ಮಾತಾಡಿದರೆ ತಪ್ಪೇನಿಲ್ಲ.

ಆದ್ರೆ ನಾನು ಇವತ್ತು ಅವರ ಯುದ್ಧಗಳ ಬಗ್ಗೆ ಮಾತಾಡೋದಿಲ್ಲ. ಸಿಂಹದ ಬಾಯಿಗೆ ಕೈದಿಗಳನ್ನ ಹಾಕಿದ ಕಥೆಯನ್ನೂ ಹೇಳೋದಿಲ್ಲ, ಅದನ್ನ ಸಿನಿಮಾದವರು ಬೇಕಾದಷ್ಟು ತೋರಿಸಿದ್ದಾರೆ. ನಾನು ಹೇಳೋದು ಒಂದು ಸಣ್ಣ ಅವಧಿಯ ಬಗ್ಗೆ. ಚಕ್ರವರ್ತಿ ಉಸಿರು ನಿಲ್ಲಿಸಿದ ಗಳಿಗೆಗೂ, ಚಕ್ರವರ್ತಿ ಸತ್ತ ಅಂತ ಜನಕ್ಕೆ ಗೊತ್ತಾದ ಗಳಿಗೆಗೂ ನಡುವೆ ಇರುತ್ತಲ್ಲ, ಆ ಹೊತ್ತು. ಕೆಲವು ಸಲ ಕೆಲವು ಗಂಟೆ, ಕೆಲವು ಸಲ ಕೆಲವು ದಿನ. ಮುಂದಿನ ಚಕ್ರವರ್ತಿ ಯಾರು ಅನ್ನೋದು ತೀರ್ಮಾನ ಆಗ್ತಾ ಇದ್ದದ್ದು ಸೆನೆಟ್‌ನಲ್ಲಿ ಅಲ್ಲ, ರಣರಂಗದಲ್ಲೂ ಅಲ್ಲ. ಬಾಗಿಲು ಹಾಕಿದ ಒಂದು ಕೋಣೆಯಲ್ಲಿ, ಆ ಹೊತ್ತಿನಲ್ಲಿ.

ಯಾಕೆ ಹಾಗೆ? ಯಾಕೆಂದ್ರೆ ರೋಮ್‌ನಲ್ಲಿ ಸಿಂಹಾಸನ ಅನ್ನೋದೇ ಇರಲಿಲ್ಲ.

ತಮಾಷೆ ಮಾಡ್ತಿಲ್ಲ. ರೋಮನ್ನರು ತಮ್ಮ ಕೊನೆಯ ರಾಜನನ್ನು ಓಡಿಸಿ ಸುಮಾರು ಐನೂರು ವರ್ಷ ಆಗಿತ್ತು. ‘ರಾಜ’ ಅನ್ನೋ ಪದವೇ ಅಲ್ಲಿ ಬೈಗುಳ. ಜೂಲಿಯಸ್ ಸೀಸರ್ ರಾಜನಾಗೋಕೆ ಹೊರಟಿದ್ದಾನೆ ಅನ್ನೋ ಗುಮಾನಿಗೇ ಕ್ರಿ.ಪೂ. 44ರಲ್ಲಿ ಸೆನೆಟ್ ಸಭೆಯಲ್ಲಿ ಅವನನ್ನು ಇರಿದು ಕೊಂದರು. ಸೀಸರ್‌ನ ದತ್ತುಮಗ ಅಗಸ್ಟಸ್ ಇದ್ದನಲ್ಲ, ಅವನು ಆ ರಕ್ತ ನೋಡಿ ಪಾಠ ಕಲಿತವನು. ಅಂತರ್ಯುದ್ಧ ಗೆದ್ದು ಸೈನ್ಯ, ಖಜಾನೆ ಎಲ್ಲವನ್ನೂ ಕೈಗೆ ತಗೊಂಡ. ಆದ್ರೆ ಕಿರೀಟ ಮಾತ್ರ ಹಾಕ್ಕೊಳ್ಳಲಿಲ್ಲ. ನಾನು ನಿಮ್ಮೆಲ್ಲರ ಹಾಗೆ ಒಬ್ಬ ಪ್ರಜೆ, ಬೇಕಿದ್ರೆ ಮೊದಲ ಪ್ರಜೆ ಅನ್ನಿ ಅಂದ. ವರ್ಷ ವರ್ಷ ಕಾನ್ಸಲ್‌ಗಳ ಆಯ್ಕೆ ನಡೀತಾ ಇತ್ತು, ಸೆನೆಟ್ ಸೇರ್ತಾ ಇತ್ತು, ಠರಾವು ಪಾಸ್ ಆಗ್ತಾ ಇತ್ತು. ಎಲ್ಲ ಹಳೇ ಬೋರ್ಡೇ, ಒಳಗೆ ಮಾಲೀಕ ಮಾತ್ರ ಬೇರೆ.

ಇದು ಜಾಣತನ. ನಲವತ್ತು ವರ್ಷಕ್ಕೂ ಮೀರಿ ಆಳಿದ ಅಂದ್ರೆ ಸಣ್ಣ ಜಾಣತನವೂ ಅಲ್ಲ. ಆದ್ರೆ ಈ ಜಾಣತನಕ್ಕೆ ಒಂದು ಬಾಕಿ ಬಿಲ್ ಇತ್ತು. ಕುರ್ಚಿಯೇ ಇಲ್ಲ ಅಂದಮೇಲೆ ಆ ಕುರ್ಚಿಗೆ ವಾರಸುದಾರ ಯಾರು ಅಂತ ಹೇಗೆ ಹೇಳ್ತೀರಿ? ಅವನಿಗೆ ಸಿಕ್ಕಿದ ಅಧಿಕಾರವೆಲ್ಲ ಸೆನೆಟ್ ಅವನ ಹೆಸರಿಗೆ ಕೊಟ್ಟದ್ದು. ಅವನು ಸತ್ತ ಕ್ಷಣ ಕಾಗದದ ಮೇಲೆ ಅದೂ ಮುಗೀತು. ಹಾಗಾಗಿ ಬಾಯಿಬಿಟ್ಟು ಹೇಳೋ ಹಾಗಿಲ್ಲ, ಸೂಚನೆ ಮಾತ್ರ ಕೊಡಬೇಕು. ಮಗಳನ್ನ ಕೊಟ್ಟು ಮದುವೆ ಮಾಡು, ದತ್ತು ತಗೋ, ಚಿಕ್ಕ ವಯಸ್ಸಿಗೇ ದೊಡ್ಡ ಹುದ್ದೆ ಕೊಡಿಸು. ಅಗಸ್ಟಸ್ ಇದನ್ನೆಲ್ಲ ಮಾಡಿದ. ಅಳಿಯನೂ ಸೋದರಳಿಯನೂ ಆಗಿದ್ದ ಮಾರ್ಸೆಲಸ್ ಕ್ರಿ.ಪೂ. 23ರಲ್ಲಿ ಸತ್ತ. ಆಮೇಲೆ ಅಳಿಯನಾದ ಗೆಳೆಯ ಅಗ್ರಿಪ್ಪ ಕ್ರಿ.ಪೂ. 12ರಲ್ಲಿ ಸತ್ತ. ದತ್ತು ತಗೊಂಡ ಮೊಮ್ಮಕ್ಕಳಿಬ್ಬರಲ್ಲಿ ಒಬ್ಬ ಕ್ರಿ.ಶ. 2ರಲ್ಲಿ, ಇನ್ನೊಬ್ಬ 4ರಲ್ಲಿ ತೀರಿಹೋದರು. ಕೊನೆಗೆ ಉಳಿದವನು ಹೆಂಡತಿ ಲಿವಿಯಾಳ ಮೊದಲ ಗಂಡನ ಮಗ ಟೈಬೀರಿಯಸ್. ಗಂಟುಮುಖದ ಮನುಷ್ಯ, ಅಗಸ್ಟಸ್‌ಗೆ ಅಷ್ಟಾಗಿ ಇಷ್ಟ ಇರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಕ್ರಿ.ಶ. 14, ಆಗಸ್ಟ್ 19. ಇಟಲಿಯ ನೋಲಾ ಅನ್ನೋ ಊರಿನಲ್ಲಿ ಅಗಸ್ಟಸ್ ಸಾಯ್ತಾ ಇದ್ದಾನೆ. ವಯಸ್ಸು ಎಪ್ಪತ್ತಾರಕ್ಕೆ ಒಂದು ತಿಂಗಳು ಕಮ್ಮಿ. ದೂರದಲ್ಲಿದ್ದ ಟೈಬೀರಿಯಸ್‌ಗೆ ಬಾ ಅಂತ ತುರ್ತು ಓಲೆ ಹೋಗಿದೆ. ಮುಂದೆ ಏನಾಯ್ತು ಅಂತ ಇತಿಹಾಸಕಾರ ಟ್ಯಾಸಿಟಸ್ ಬರೀತಾನೆ: ಲಿವಿಯಾ ಮನೆಗೂ ಸುತ್ತಲಿನ ರಸ್ತೆಗಳಿಗೂ ಬಿಗಿ ಕಾವಲು ಹಾಕಿಸಿದಳು. ಆರೋಗ್ಯ ಸುಧಾರಿಸ್ತಾ ಇದೆ ಅನ್ನೋ ಥರದ ಒಳ್ಳೇ ಸುದ್ದಿಗಳು ಆಗಾಗ ಹೊರಗೆ ಬರ್ತಾ ಇದ್ದವು. ಮಾಡಬೇಕಾದ ಏರ್ಪಾಡೆಲ್ಲ ಮುಗಿದ ಮೇಲೆ ಒಂದೇ ಪ್ರಕಟಣೆ, ಅದರಲ್ಲಿ ಎರಡು ಸುದ್ದಿ. ಒಂದು, ಅಗಸ್ಟಸ್ ಇನ್ನಿಲ್ಲ. ಎರಡು, ಅಧಿಕಾರ ಟೈಬೀರಿಯಸ್ ಕೈಯಲ್ಲಿದೆ.

ಅವನು ಬರೋ ಹೊತ್ತಿಗೆ ಮುದುಕ ಇನ್ನೂ ಬದುಕಿದ್ದನಾ? ಟ್ಯಾಸಿಟಸ್ ಖಚಿತವಾಗಿ ಗೊತ್ತಿಲ್ಲ ಅಂತಾನೆ. ಸ್ವೆಟೋನಿಯಸ್ ಅನ್ನೋ ಇನ್ನೊಬ್ಬ ಲೇಖಕ, ಇಬ್ಬರೂ ಇಡೀ ದಿನ ಗುಟ್ಟಾಗಿ ಮಾತಾಡಿದರು ಅಂತಾನೆ. ಯಾವುದು ನಿಜವೋ ಬಿಡಿ. ಆದ್ರೆ ಇನ್ನೊಂದು ಸಾವಿನ ಬಗ್ಗೆ ಯಾರಿಗೂ ಅನುಮಾನ ಇಲ್ಲ. ಅಗಸ್ಟಸ್‌ಗೆ ಇನ್ನೊಬ್ಬ ಮೊಮ್ಮಗ ಉಳಿದಿದ್ದ, ಪೋಸ್ತುಮಸ್ ಅಂತ. ಒರಟ, ಹಟಮಾರಿ ಅನ್ನೋ ಆರೋಪ ಹೊರಿಸಿ ಅವನನ್ನ ಒಂದು ದ್ವೀಪಕ್ಕೆ ಗಡೀಪಾರು ಮಾಡಿದ್ದರು. ತಾತ ಸತ್ತ ಹೊತ್ತಿಗೇ ಒಬ್ಬ ಸೇನಾಧಿಕಾರಿ ದ್ವೀಪದಲ್ಲಿ ಅವನನ್ನ ಕೊಂದ. ಬಂದು ಟೈಬೀರಿಯಸ್‌ಗೆ ವರದಿ ಒಪ್ಪಿಸಿದ, ಆದೇಶ ಪಾಲಿಸಿದ್ದೀನಿ ಅಂತ. ಟೈಬೀರಿಯಸ್ ಏನಂದ ಗೊತ್ತಾ? ನಾನು ಅಂಥ ಆದೇಶ ಕೊಟ್ಟೇ ಇಲ್ಲ, ಸೆನೆಟ್ ಮುಂದೆ ನೀನು ಉತ್ತರ ಕೊಡಬೇಕಾಗುತ್ತೆ ಅಂದ. ಆದೇಶದ ಓಲೆ ಕಳಿಸಿದ್ದ ಅರಮನೆಯ ಆಪ್ತನಿಗೆ ನಡುಕ ಶುರುವಾಯ್ತು. ಅವನು ಲಿವಿಯಾ ಹತ್ರ ಓಡಿದ, ಮನೆಯ ಗುಟ್ಟು ಹೊರಗೆ ಹೋಗೋದು ಬೇಡ ಅಂತ ಕಿವಿಮಾತು ಹೇಳಿದ. ವಿಚಾರಣೆ ನಡೀಲೇ ಇಲ್ಲ. ಕಡತ ಮುಚ್ಚಿತು. ಕಡತ ಮುಚ್ಚೋದನ್ನ ನಾವೇನೂ ಹೊಸದಾಗಿ ಕಂಡುಹಿಡಿದಿಲ್ಲ ನೋಡಿ.

ಈ ಟೈಬೀರಿಯಸ್ ಇಪ್ಪತ್ಮೂರು ವರ್ಷ ಆಳಿದ. ಅವನ ಸರದಿ ಬಂದಾಗ ಆದದ್ದಂತೂ ಇನ್ನೂ ವಿಚಿತ್ರ.

ಕ್ರಿ.ಶ. 37, ಮಾರ್ಚ್ 16. ಮಿಸೇನಮ್ ಅನ್ನೋ ಕಡಲತೀರದ ಊರು. ಎಪ್ಪತ್ತೇಳರ ಮುದುಕನ ಉಸಿರು ನಿಂತಿದೆ ಅಂತ ಎಲ್ಲರೂ ಅಂದ್ಕೊಂಡ್ರು. ಅಣ್ಣನ ಮೊಮ್ಮಗ ಅಂತಲೋ ತಮ್ಮನ ಮೊಮ್ಮಗ ಅಂತಲೋ ತಲೆ ಕೆಡಿಸ್ಕೋಬೇಡಿ, ತಮ್ಮನ ಮೊಮ್ಮಗ ಕ್ಯಾಲಿಗುಲಾ ಹೊರಗೆ ಬಂದ. ಜೈಕಾರ, ಅಭಿನಂದನೆ. ಅಷ್ಟರಲ್ಲಿ ಒಳಗಿಂದ ಸುದ್ದಿ ಬಂತು. ಮುದುಕ ಕಣ್ಣುಬಿಟ್ಟಿದ್ದಾನೆ, ಮಾತಾಡ್ತಿದ್ದಾನೆ, ಊಟ ಕೇಳ್ತಿದ್ದಾನೆ!

ಟ್ಯಾಸಿಟಸ್ ಆ ದೃಶ್ಯವನ್ನ ಬರೆದಿರೋದು ನೋಡಿದ್ರೆ ಅಲ್ಲೇ ಕ್ಯಾಮೆರಾ ಇಟ್ಟಿದ್ದನೇನೋ ಅನ್ಸುತ್ತೆ. ಜೈಕಾರ ಹಾಕಿದವರು ದಿಕ್ಕಾಪಾಲಾದರು. ಕೆಲವರು ಮುಖಕ್ಕೆ ದುಃಖ ತಂದ್ಕೊಂಡ್ರು, ಕೆಲವರು ಏನೂ ಗೊತ್ತಿಲ್ಲದವರ ಹಾಗೆ ನಿಂತರು. ಕ್ಯಾಲಿಗುಲಾ ಬಾಯಿ ಕಟ್ಟಿಹೋಯ್ತು. ಒಂದು ನಿಮಿಷದ ಹಿಂದೆ ಚಕ್ರವರ್ತಿ, ಈಗ ಕುತ್ತಿಗೆ ಉಳಿಯುತ್ತೋ ಇಲ್ಲವೋ. ಧೈರ್ಯ ಕಳ್ಕೊಳ್ಳದೆ ಇದ್ದವನು ಒಬ್ಬನೇ, ಅಂಗರಕ್ಷಕ ಪಡೆಯ ಮುಖ್ಯಸ್ಥ ಮ್ಯಾಕ್ರೋ. ಮುದುಕನ ಮೇಲೆ ಬಟ್ಟೆಗಳ ರಾಶಿ ಹೇರಿ, ಎಲ್ಲರೂ ಹೊರಗೆ ನಡೀರಿ ಅಂದ. ಸುದ್ದಿ ಮೊದಲು ಬಂದಿತ್ತು. ಸಾವನ್ನ ಆಮೇಲೆ ತಂದರು.

ಇಲ್ಲಿ ನಾನು ನನ್ನದೊಂದು ಕಥೆ ಹೇಳ್ಲೇಬೇಕು. ಹೇಳದೆ ಮುಂದೆ ಹೋದ್ರೆ ನನಗೇ ಮೋಸ ಮಾಡ್ಕೊಂಡ ಹಾಗೆ.

ಬಹಳ ವರ್ಷದ ಹಿಂದಿನ ಮಾತು. ನಾನಾಗ ಬೇರೊಂದು ಚಾನೆಲ್‌ನಲ್ಲಿದ್ದೆ, ಹೆಸರು ಬೇಡ. ಒಬ್ಬ ಹಿರಿಯ ರಾಜಕಾರಣಿ ಆಸ್ಪತ್ರೆಯಲ್ಲಿದ್ದರು, ಸ್ಥಿತಿ ಗಂಭೀರ. ರಾತ್ರಿ ಪಾಳಿಯಲ್ಲಿ ಡೆಸ್ಕ್ ಜವಾಬ್ದಾರಿ ನಂದು. ಆಸ್ಪತ್ರೆ ಗೇಟ್ ಮುಂದೆ ನಿಂತಿದ್ದ ನಮ್ಮ ಹುಡುಗ ಫೋನ್ ಮಾಡಿದ. ‘ಸಾರ್, ಮುಗೀತಂತೆ.’ ‘ಯಾರಪ್ಪ ಹೇಳಿದ್ದು?’ ‘ಅವರ ಪಿಎ ಅಳ್ತಾ ಹೊರಗೆ ಬಂದ್ರು ಸಾರ್.’ ಪಕ್ಕದ ಚಾನೆಲ್‌ನವರೂ ಅಲ್ಲೇ ನಿಂತಿದ್ದಾರೆ ಅಂತ ಬೇರೆ ಅಂದ. ನನಗೆ ಅಷ್ಟೇ ಸಾಕಾಯ್ತು. ವೈದ್ಯರ ಮಾತಿಲ್ಲ, ಮನೆಯವರ ಮಾತಿಲ್ಲ. ಸ್ಕ್ರಾಲ್ ಹಾಕ್ಸಿದೆ. ಏಳು ನಿಮಿಷ ಓಡಿತು. ಎಂಟನೇ ನಿಮಿಷಕ್ಕೆ ಆಸ್ಪತ್ರೆಯಿಂದ ಫೋನ್ ಬಂತು, ಅವರು ಬದುಕಿದ್ದಾರೆ ಅಂತ.

ಅವರು ಬದುಕಿದ್ದಷ್ಟೇ ಅಲ್ಲ, ಗುಣ ಆಗಿ ಮನೆಗೂ ಬಂದ್ರು. ಎರಡು ತಿಂಗಳಾದ ಮೇಲೆ ಕ್ಷಮೆ ಕೇಳೋಕೆ ಅಂತ ಹೋದೆ. ಅವರು ನಗ್ತಾ ಇದ್ರು. ‘ಬಾರಯ್ಯ, ನನ್ನ ಸಾಯಿಸಿದೋನು ನೀನೇನಾ? ಕೂತ್ಕೋ. ಬೇಜಾರೇನಿಲ್ಲ ಕಣಯ್ಯ. ಆ ಏಳು ನಿಮಿಷದಲ್ಲಿ ನನ್ನ ಹುಡುಗ್ರು ಯಾರ್ಯಾರು ಯಾರ್ಯಾರ ಮನೆಗೆ ಫೋನ್ ಹೊಡೆದ್ರು ಅನ್ನೋ ಲೆಕ್ಕ ಪೂರ್ತಿ ಸಿಕ್ತು ನೋಡು. ದುಡ್ಡು ಕೊಟ್ರೂ ಸಿಗ್ತಿರಲಿಲ್ಲ ಅದು’ ಅಂದ್ರು. ನಾನೂ ನಕ್ಕೆ. ಅಷ್ಟರಲ್ಲಿ ಅವರ ಮನೆಯವರು ಕಾಫಿ ತಂದು ಟೀಪಾಯ್ ಮೇಲೆ ಇಟ್ರು. ‘ನಮಸ್ಕಾರ ಅಮ್ಮ’ ಅಂದೆ. ಮುಖ ಎತ್ತಿ ನೋಡಲಿಲ್ಲ, ಒಳಗೆ ಹೋಗಿಬಿಟ್ಟರು. ಆವತ್ತು ರಾತ್ರಿ ಅವರು ಆಸ್ಪತ್ರೆಯಿಂದ ಬಟ್ಟೆ ಬದಲಾಯಿಸೋಕೆ ಅಂತ ಮನೆಗೆ ಬಂದಿದ್ದರಂತೆ. ಒಬ್ಬರೇ ಇದ್ದರಂತೆ. ಟಿವಿ ಹಾಕಿತ್ತಂತೆ.

ಟೈಬೀರಿಯಸ್ ಸುದ್ದಿಗೆ ವಾಪಸ್ ಬರ್ತೀನಿ. ಆ ಸುದ್ದಿ ರೋಮ್ ಊರಿಗೆ ಮುಟ್ಟಿದಾಗ ಏನಾಯ್ತು ಅನ್ನೋದರ ಬಗ್ಗೆ ಎರಡು ಘಟನೆ ದಾಖಲಾಗಿವೆ. ಹೆರೋದ್ ಅಗ್ರಿಪ್ಪ ಅಂತ ಯೆಹೂದಿ ರಾಜಮನೆತನದವನೊಬ್ಬ ಸೆರೆಯಲ್ಲಿದ್ದ. ಕ್ಯಾಲಿಗುಲಾನ ಗೆಳೆಯ. ಮುದುಕ ಸತ್ತ ಅನ್ನೋ ಸುದ್ದಿ ಗುಟ್ಟಾಗಿ ಬಂತು. ಕಾವಲಿದ್ದ ಅಧಿಕಾರಿಗೂ ಗೊತ್ತಾಯ್ತು. ನಾಳೆ ದೊಡ್ಡ ಮನುಷ್ಯ ಆಗೋನು ಇವನು ಅಂತ ಬೇಡಿ ಬಿಚ್ಚಿ ಜೊತೆಯಲ್ಲಿ ಕೂರಿಸಿಕೊಂಡು ಔತಣ ಹಾಕಿದ. ಊಟ ನಡೀತಿರುವಾಗ ಇನ್ನೊಬ್ಬ ಬಂದು, ಟೈಬೀರಿಯಸ್ ಬದುಕಿದ್ದಾನಂತೆ ಅಂದ. ಅಧಿಕಾರಿ ಅವನನ್ನ ಕೂತಲ್ಲಿಂದ ತಳ್ಳಿ ಮತ್ತೆ ಬೇಡಿ ಹಾಕಿಸಿದ. ಮಾರನೇ ದಿನ ಸಾವು ಖಚಿತ ಆಯ್ತು. ಯೊಸೇಫಸ್ ಅನ್ನೋ ಇತಿಹಾಸಕಾರ ಬರೆದಿರೋದು ಇದು. ಓದಿದ್ರೆ ನಗು ಬರುತ್ತೆ.

ಇನ್ನೊಂದಕ್ಕೆ ನಗು ಬರಲ್ಲ. ಆಗ ರೋಮ್‌ನಲ್ಲಿ ಒಂದು ನಿಯಮ ಇತ್ತು, ಮರಣದಂಡನೆ ತೀರ್ಪಾದ ಮೇಲೆ ಹತ್ತು ದಿನ ತಡೆದು ಜಾರಿ ಮಾಡಬೇಕು ಅಂತ. ಕೆಲವು ಕೈದಿಗಳ ಹತ್ತನೇ ದಿನ, ಸಾವಿನ ಸುದ್ದಿ ಬಂದ ದಿನವೇ ಬಿತ್ತು. ಶಿಕ್ಷೆ ಕೊಟ್ಟವನೇ ಸತ್ತಿದ್ದಾನೆ, ನಮ್ಮನ್ನ ಉಳಿಸಿ ಅಂತ ಅವರು ಕಂಡಕಂಡವರಲ್ಲಿ ಬೇಡ್ಕೊಂಡ್ರು. ಆದ್ರೆ ಹೊಸ ಚಕ್ರವರ್ತಿ ಇನ್ನೂ ಊರಿಗೆ ಬಂದಿಲ್ಲ. ತಡೆಯಾಜ್ಞೆ ಕೊಡೋಕೆ ಯಾರೂ ಇಲ್ಲ. ಸೆರೆಮನೆಯವರು ನಮಗ್ಯಾಕೆ ಊರ ಉಸಾಬರಿ ಅಂತ ನಿಯಮದ ಪ್ರಕಾರ ಕತ್ತು ಬಿಗಿದು ಕೊಂದು, ಹೆಣಗಳನ್ನ ಮೆಟ್ಟಿಲ ಮೇಲೆ ಎಸೆದರು. ಸ್ವೆಟೋನಿಯಸ್ ಅವರ ಹೆಸರು ಬರೆದಿಲ್ಲ.

ಕ್ಯಾಲಿಗುಲಾ ವಿಷಯ ಬೇಗ ಹೇಳಿಬಿಡ್ತೀನಿ, ಅವನದು ಮುಚ್ಚಿಡೋಕೆ ಆಗುವಂಥ ಸಾವಲ್ಲ. ಕ್ರಿ.ಶ. 41, ಜನವರಿ 24ರಂದು ಅಂಗರಕ್ಷಕ ಪಡೆಯ ಅಧಿಕಾರಿಗಳೇ ಅರಮನೆಯ ಓಣಿಯಲ್ಲಿ ಅವನನ್ನ ಕೊಚ್ಚಿ ಹಾಕಿದರು. ವಿಶೇಷ ಏನು ಗೊತ್ತಾ? ಜನ ನಂಬಲಿಲ್ಲ. ತನ್ನ ಸಾವಿನ ಸುದ್ದಿ ತಾನೇ ಹಬ್ಬಿಸಿ, ಯಾರು ಸಂತೋಷ ಪಡ್ತಾರೆ ಅಂತ ನೋಡ್ತಿದ್ದಾನೆ ಅಂದ್ಕೊಂಡ್ರು. ಮುಖದಲ್ಲಿ ಏನೂ ತೋರಿಸದೆ ಕೂತ್ರು. ಸೆನೆಟ್‌ನವರು ಮತ್ತೆ ಹಳೇ ಗಣರಾಜ್ಯ ತರೋಣ ಅಂತ ಭಾಷಣ ಮಾಡ್ತಾ ಇರುವಾಗ, ಅರಮನೆಯಲ್ಲಿ ಒಬ್ಬ ಸೈನಿಕನಿಗೆ ಪರದೆಯ ಕೆಳಗೆ ಎರಡು ಪಾದ ಕಾಣಿಸಿದವು. ಎಳೆದು ನೋಡಿದ್ರೆ ಕ್ಯಾಲಿಗುಲಾನ ಚಿಕ್ಕಪ್ಪ ಕ್ಲಾಡಿಯಸ್, ಹೆದರಿ ಬಚ್ಚಿಟ್ಕೊಂಡಿದ್ದ. ಕುಂಟ, ಮಾತು ತೊದಲ್ತಾ ಇತ್ತು, ಮನೆಯವರೇ ಲೆಕ್ಕಕ್ಕೆ ಇಟ್ಕೊಳ್ಳದವನು. ಪಡೆಯವರು ಅವನನ್ನೇ ಹೊತ್ಕೊಂಡು ಹೋಗಿ ಚಕ್ರವರ್ತಿ ಅಂತ ಕೂಗಿದರು. ಅವನು ಒಬ್ಬೊಬ್ಬನಿಗೆ 15,000 ಸೆಸ್ಟರ್ಸ್ ಕೊಡ್ತೀನಿ ಅಂದ. ಗಡಿಯಲ್ಲಿ ಕಾದಾಡೋ ಸಾಮಾನ್ಯ ಸೈನಿಕನಿಗೆ ಆಗ ವರ್ಷದ ಸಂಬಳ 900. ಅಂಗರಕ್ಷಕರ ಸಂಬಳ ಅದಕ್ಕಿಂತ ಜಾಸ್ತಿ ಇತ್ತು ಅನ್ನೋದು ಬೇರೆ ಮಾತು. ರೇಟ್ ಅವತ್ತು ಫಿಕ್ಸ್ ಆಯ್ತು.

ಈ ಕ್ಲಾಡಿಯಸ್ ಸತ್ತ ದಿನವೇ ನಾನು ಹೇಳ್ಬೇಕು ಅಂತ ಹೊರಟಿರೋ ಅಸಲಿ ಕಥೆ.

ಕ್ಲಾಡಿಯಸ್‌ಗೆ ಒಬ್ಬ ಹೊಟ್ಟೇಲಿ ಹುಟ್ಟಿದ ಮಗ ಇದ್ದ, ಬ್ರಿಟಾನಿಕಸ್. ನಾಲ್ಕನೇ ಹೆಂಡತಿಯಾಗಿ ಬಂದವಳು ಅಗ್ರಿಪ್ಪೀನಾ. ಅವನ ಅಣ್ಣನ ಮಗಳೇ! ಅದಕ್ಕಾಗಿ ಕಾನೂನನ್ನೇ ಬದಲಾಯಿಸಿದರು. ಅವಳಿಗೂ ಮೊದಲ ಗಂಡನಿಂದ ಒಬ್ಬ ಮಗ ಇದ್ದ. ಕ್ರಿ.ಶ. 49ರಲ್ಲಿ ಮದುವೆ, 50ರಲ್ಲಿ ಆ ಮಗನನ್ನ ಕ್ಲಾಡಿಯಸ್ ದತ್ತು ತಗೊಂಡ. ದತ್ತುಮಗನಿಗೆ ಇಟ್ಟ ಹೆಸರು ನೀರೋ. ಬ್ರಿಟಾನಿಕಸ್‌ಗಿಂತ ಮೂರು ವರ್ಷ ದೊಡ್ಡವನು. 51ರಲ್ಲಿ ಅಂಗರಕ್ಷಕ ಪಡೆಯ ಮುಖ್ಯಸ್ಥನಾಗಿ ಬರ್ರಸ್ ಅನ್ನೋನು ಬಂದ, ಅಗ್ರಿಪ್ಪೀನಾ ಕಡೆಯವನು. ಪಗಡೆ ಹಾಸು ನೋಡಿ, ಒಂದೊಂದೇ ಕಾಯಿ ಮನೆಗೆ ಬರ್ತಾ ಇದೆ.

ಕ್ರಿ.ಶ. 54, ಅಕ್ಟೋಬರ್ 12ರ ರಾತ್ರಿ ಊಟ. ಕ್ಲಾಡಿಯಸ್‌ಗೆ ಅಣಬೆ ಅಂದ್ರೆ ಪ್ರಾಣ. ಅಣಬೆಯಲ್ಲಿ ವಿಷ ಹಾಕಿದರು ಅನ್ನೋದು ಅಂದಿನಿಂದ ಇಂದಿನವರೆಗೂ ಇರೋ ಮಾತು. ಅರವತ್ಮೂರರ ಮುದುಕ, ಮೊದಲೇ ಕಾಯಿಲೆಯವನು, ಸಹಜವಾಗಿ ಸತ್ತಿರಬಹುದು ಅನ್ನೋ ಇತಿಹಾಸಕಾರರೂ ಇದ್ದಾರೆ. ಆ ಜಗಳಕ್ಕೆ ನಾನು ಹೋಗಲ್ಲ. ನನಗೆ ಬೇಕಾಗಿರೋದು ಮಾರನೇ ಬೆಳಗ್ಗೆ.

ಅಕ್ಟೋಬರ್ 13. ಒಳಗೆ ಹೆಣ. ಹೊರಗೆ ಸೆನೆಟ್ ಸೇರಿದೆ, ಕಾನ್ಸಲ್‌ಗಳು ಪುರೋಹಿತರು ಚಕ್ರವರ್ತಿ ಬೇಗ ಗುಣ ಆಗಲಿ ಅಂತ ಹರಕೆ ಹೊರ್ತಾ ಇದ್ದಾರೆ. ಒಳಗೆ ಹೆಣಕ್ಕೆ ಕಂಬಳಿ ಹೊದಿಸಿ, ಬದುಕಿದ್ದವನಿಗೆ ಮಾಡೋ ಹಾಗೆ ಪಟ್ಟು ಕಟ್ಟಿ ಶುಶ್ರೂಷೆ ನಡೀತಾ ಇದೆ. ಸ್ವೆಟೋನಿಯಸ್ ಹೇಳೋ ಪ್ರಕಾರ ಹಾಸ್ಯ ನಟರನ್ನೂ ಒಳಗೆ ಕರೆಸಿದರು, ಚಕ್ರವರ್ತಿಗೆ ಮನರಂಜನೆ ಬೇಕಂತೆ ಅಂತ. ಯೋಚನೆ ಮಾಡಿ, ಹೆಣದ ಮುಂದೆ ಆ ನಟರು ಏನು ಮಾಡಿರಬಹುದು?

ಯಾಕಿಷ್ಟು ತಡ? ಒಂದು ಕಾರಣ ಏರ್ಪಾಡು. ಇನ್ನೊಂದು ಕಾರಣ ಕೇಳಿ. ಜ್ಯೋತಿಷಿಗಳು ಒಳ್ಳೇ ಗಳಿಗೆ ಇನ್ನೂ ಬಂದಿಲ್ಲ ಅಂದಿದ್ರು. ಹೌದು ಸ್ವಾಮಿ, ಮುಹೂರ್ತಕ್ಕೆ ಕಾದಿದ್ದು. ಬೆಳಗ್ಗೆ ಏಳು ಗಂಟೆಗೆ ನಮ್ಮ ಚಾನೆಲ್‌ನಲ್ಲಿ ಬರೋ ಗುರೂಜಿ ಕಾರ್ಯಕ್ರಮವನ್ನ ಆಡ್ಕೊಳ್ಳೋರು ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ. ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯವೊಂದರ ಪಟ್ಟ ರಾಹುಕಾಲ ಕಳೀಲಿ ಅನ್ನೋ ಥರ ಕಾದಿತ್ತು.

ಆ ಹೊತ್ತಿನಲ್ಲಿ ಅಗ್ರಿಪ್ಪೀನಾ ಮಾಡ್ತಾ ಇದ್ದ ಕೆಲಸ ಏನು? ಹದಿಮೂರು ವರ್ಷದ ಬ್ರಿಟಾನಿಕಸ್‌ನನ್ನ ಅಪ್ಪಿಕೊಂಡು ಕೂತಿದ್ದಳು. ದುಃಖದಲ್ಲಿ ಸಮಾಧಾನ ಹುಡುಕೋ ತಾಯಿಯ ಹಾಗೆ. ನೀನು ಥೇಟ್ ನಿನ್ನಪ್ಪನ ಹಾಗೇ ಇದ್ದೀಯ ಅಂತ ಹೇಳ್ತಾ ಇದ್ದಳಂತೆ. ಒಂದಲ್ಲ ಒಂದು ನೆಪ ಹೇಳಿ ಅವನು ಕೋಣೆ ಬಿಟ್ಟು ಹೋಗದ ಹಾಗೆ ನೋಡ್ಕೊಂಡಳು. ಅವನ ಇಬ್ಬರು ಅಕ್ಕಂದಿರನ್ನೂ ಹಾಗೇ ಹಿಡಿದಿಟ್ಟಳು. ಬಾಗಿಲುಗಳಿಗೆಲ್ಲ ಕಾವಲು. ಆಗಾಗ ಹೊರಗೆ ಹೇಳಿಕೆ: ಚಕ್ರವರ್ತಿಗಳು ಚೇತರಿಸಿಕೊಳ್ಳುತ್ತಿದ್ದಾರೆ.

ನಾನು ಎಷ್ಟೋ ಸಂಚುಗಳ ಬಗ್ಗೆ ಓದಿದ್ದೀನಿ. ಕತ್ತಿ, ವಿಷ, ಸುಳ್ಳು ಪತ್ರ. ಒಂದು ಮಗುವನ್ನ ಅಪ್ಪಿಕೊಂಡೇ ಅದರ ರಾಜ್ಯ ಕಿತ್ತುಕೊಂಡ ಸಂಚು ಇನ್ನೊಂದನ್ನ ಓದಿಲ್ಲ. ಆ ಹುಡುಗನಿಗೆ ಆ ಅಪ್ಪುಗೆ ಅರ್ಥ ಆಗಿತ್ತೋ ಇಲ್ಲವೋ ಅಂತ ನನಗೆ ಆಗಾಗ ಅನ್ಸುತ್ತೆ. ಹದಿಮೂರು ವರ್ಷ ಅಂದ್ರೆ ಅಷ್ಟೇನೂ ಚಿಕ್ಕ ವಯಸ್ಸಲ್ಲ.

ಮಧ್ಯಾಹ್ನ ಆಯ್ತು. ಅರಮನೆ ಬಾಗಿಲು ಇದ್ದಕ್ಕಿದ್ದ ಹಾಗೆ ತೆರೀತು. ಬರ್ರಸ್ ಜೊತೆ ಹದಿನಾರರ ನೀರೋ ಹೊರಗೆ ಬಂದ. ಬರ್ರಸ್ ಸನ್ನೆ ಮಾಡಿದ, ಕಾವಲಿನವರು ಜೈಕಾರ ಹಾಕಿ ಪಲ್ಲಕ್ಕಿಗೆ ಹತ್ತಿಸಿದರು. ಆ ಗುಂಪಿನಲ್ಲಿ ಕೆಲವು ಸೈನಿಕರು ಮಾತ್ರ ಹಿಂದಕ್ಕೆ ತಿರುಗಿ ತಿರುಗಿ ನೋಡಿದರಂತೆ. ಬ್ರಿಟಾನಿಕಸ್ ಎಲ್ಲಿ ಅಂತ ಕೇಳಿದರಂತೆ. ಯಾರೂ ಉತ್ತರ ಕೊಡಲಿಲ್ಲ. ಬೇರೆ ಹೆಸರು ಹೇಳೋರು ಯಾರೂ ಇರಲಿಲ್ಲವಾದ್ದರಿಂದ ಅವರೂ ಜೊತೆಗೆ ನಡೆದರು. ಪಡೆಯ ಶಿಬಿರಕ್ಕೆ ಹೋಗಿ ನೀರೋ, ಅಪ್ಪ ಕೊಟ್ಟಷ್ಟೇ ನಾನೂ ಕೊಡ್ತೀನಿ ಅಂದ. ಸೆನೆಟ್ ಠರಾವು ಪಾಸ್ ಮಾಡಿತು. ಕ್ಲಾಡಿಯಸ್‌ನ ಉಯಿಲನ್ನ ಜನರ ಮುಂದೆ ಓದಲೇ ಇಲ್ಲ.

ನಾಲ್ಕು ತಿಂಗಳು. ಮುಂದಿನ ಫೆಬ್ರವರಿಯಲ್ಲಿ, ಹದಿನಾಲ್ಕು ತುಂಬೋಕೆ ಮುಂಚೆಯೇ, ಬ್ರಿಟಾನಿಕಸ್ ಅರಮನೆಯ ಊಟದ ಮನೆಯಲ್ಲಿ ಎಲ್ಲರ ಕಣ್ಣೆದುರಿಗೆ ಕುಸಿದು ಸತ್ತ. ಅವನಿಗೆ ಚಿಕ್ಕಂದಿನಿಂದಲೂ ಮೂರ್ಛೆ ರೋಗ ಇದೆ ಅಂದ ನೀರೋ, ಊಟ ಮುಂದುವರಿಸಿದ. ಅದೇ ರಾತ್ರಿ ಸುಟ್ಟುಬಿಟ್ಟರು. ಅಗ್ರಿಪ್ಪೀನಾ ಅಲ್ಲೇ ಕೂತಿದ್ದಳು, ಅವಳ ಮುಖ ಬಿಳಿಚಿಕೊಂಡಿದ್ದು ನೋಡಿದವರಿಗೆ ಅವಳಿಗೇನೂ ಗೊತ್ತಿಲ್ಲ ಅನ್ನೋದು ಅರ್ಥ ಆಯ್ತು ಅಂತ ಟ್ಯಾಸಿಟಸ್ ಬರೀತಾನೆ. ನಾಲ್ಕು ವರ್ಷಕ್ಕೆ, 59ರಲ್ಲಿ, ಅವಳನ್ನೂ ಮಗ ಕೊಲ್ಲಿಸಿದ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೇ ಒಂದು ತಕರಾರು ಇದೆ. ಲಿವಿಯಾ ಕಥೆಗೂ ಅಗ್ರಿಪ್ಪೀನಾ ಕಥೆಗೂ ಹೋಲಿಕೆ ನೋಡಿದ್ರಾ? ಮುದುಕ ಗಂಡ, ಮೊದಲ ಗಂಡನ ಮಗ, ಕಾವಲು ಹಾಕಿದ ಬಾಗಿಲು, ಆರೋಗ್ಯ ಸುಧಾರಿಸ್ತಿದೆ ಅನ್ನೋ ಹೇಳಿಕೆ. ಲಿವಿಯಾ ಅಂಜೂರದ ಹಣ್ಣಿಗೆ ವಿಷ ಹಚ್ಚಿದ್ದಳು ಅನ್ನೋ ಗಾಳಿಮಾತೂ ಉಂಟು, ಅಣಬೆಗೆ ಜೋಡಿ. ಒಂದೇ ಸ್ಕ್ರಿಪ್ಟ್ ಎರಡು ಸಲ ಓಡಿದ ಹಾಗಿದೆ. ಬರೆದವರೆಲ್ಲ ಯಾರು? ಸೆನೆಟ್ ವರ್ಗದ, ಆಸ್ಥಾನ ವಲಯದ ಗಂಡಸರು. ಆ ಬಾಗಿಲಿನ ಆಚೆ ನಿಂತ ಗುಂಪಿಗೆ ಸೇರಿದವರು, ಅದೂ ಎಷ್ಟೋ ವರ್ಷ ಆದಮೇಲೆ. ಒಳಗೆ ಏನಾಯ್ತು ಅಂತ ತಿಳಿಯದವನಿಗೆ ಹೆಂಗಸಿನ ಮೇಲೆ ಹೇಳೋದು ಸುಲಭ. ಆಸ್ಪತ್ರೆ ಗೇಟ್ ಮುಂದೆ ನಿಂತು ವರದಿ ಮಾಡಿದವನು ನಾನು, ಆ ಗೇಟಿನ ಕಷ್ಟ ನನಗೆ ಗೊತ್ತು.

ಮತ್ತೆ ಮುಚ್ಚಿಟ್ಟಿದ್ದೆಲ್ಲ ದುರಾಸೆಯಿಂದಲೇ ಅಂತಲೂ ನಾನು ಹೇಳಲ್ಲ. ಏರ್ಪಾಡಿಲ್ಲದೆ ಚಕ್ರವರ್ತಿ ಸತ್ತರೆ ಏನಾಗುತ್ತೆ ಅನ್ನೋದನ್ನ ರೋಮ್ 68ರಲ್ಲಿ ನೋಡಿತು. ನೀರೋ ವಾರಸುದಾರ ಇಲ್ಲದೆ ಸತ್ತ. 69ನೇ ಇಸವಿ ಒಂದರಲ್ಲೇ ಗಾಲ್ಬಾ, ಓಥೋ, ವಿಟೆಲಿಯಸ್, ವೆಸ್ಪೇಸಿಯನ್ ಅಂತ ನಾಲ್ಕು ಚಕ್ರವರ್ತಿಗಳು. ಸೈನ್ಯ ಸೈನ್ಯ ಹೊಡೆದಾಡಿ ಸಾವಿರಾರು ಜನ ಸತ್ತರು. ಬಾಗಿಲು ಹಾಕ್ಕೊಂಡು ಕೂತವರ ಎದೆಯಲ್ಲಿ ಆ ಭಯವೂ ಇದ್ದಿರಬಹುದು.

ಕೊನೆಯದೊಂದು ಬಾಗಿಲು ಉಳಿದಿದೆ. ಈ ಸಲ ರೋಮ್‌ನಿಂದ ಬಹಳ ದೂರ, ಇವತ್ತಿನ ಟರ್ಕಿ ದೇಶದ ದಕ್ಷಿಣ ಕರಾವಳಿಯಲ್ಲಿ, ಸೆಲಿನಸ್ ಅನ್ನೋ ಸಣ್ಣ ಬಂದರು. ಕ್ರಿ.ಶ. 117, ಆಗಸ್ಟ್. ಚಕ್ರವರ್ತಿ ಟ್ರಾಜನ್ ಪಾರ್ಥಿಯಾ ಯುದ್ಧ ಮುಗಿಸಿ ರೋಮ್ ಕಡೆ ಹೊರಟವನು ದಾರಿಯಲ್ಲಿ ಕಾಯಿಲೆ ಬಿದ್ದು ಅಲ್ಲಿ ಇಳಿದಿದ್ದಾನೆ. ಮಕ್ಕಳಿಲ್ಲ. ವಾರಸುದಾರನ ಹೆಸರು ಹೇಳಿಲ್ಲ. ಜೊತೆಗೆ ಹೆಂಡತಿ ಪ್ಲೊಟೀನಾ. ಸಂಬಂಧಿಕ ಹೇಡ್ರಿಯನ್ ಸಿರಿಯಾದಲ್ಲಿ ರಾಜ್ಯಪಾಲ, ದೊಡ್ಡ ಸೈನ್ಯ ಅವನ ಕೈಯಲ್ಲಿದೆ. ಆಗಸ್ಟ್ 9ಕ್ಕೆ ಹೇಡ್ರಿಯನ್‌ಗೆ ಓಲೆ ಬಂತು, ಚಕ್ರವರ್ತಿ ನಿನ್ನನ್ನ ದತ್ತು ತಗೊಂಡಿದ್ದಾರೆ ಅಂತ. 11ಕ್ಕೆ ಇನ್ನೊಂದು ಓಲೆ, ಚಕ್ರವರ್ತಿ ತೀರಿಕೊಂಡಿದ್ದಾರೆ ಅಂತ. ಎರಡು ದಿನದ ಅಂತರ!

ಡಿಯೋ ಅನ್ನೋ ಇತಿಹಾಸಕಾರನ ಅಪ್ಪ ಮುಂದೆ ಅದೇ ಪ್ರಾಂತ್ಯಕ್ಕೆ ರಾಜ್ಯಪಾಲನಾಗಿ ಹೋಗಿದ್ದ. ಅಲ್ಲಿ ಕೇಳಿ ತಿಳಿದದ್ದನ್ನ ಮಗನಿಗೆ ಹೇಳಿದ: ದತ್ತು ಸುದ್ದಿ ಮೊದಲು ಹೊರಡಲಿ ಅಂತ ಸಾವನ್ನ ಕೆಲವು ದಿನ ಮುಚ್ಚಿಟ್ಟಿದ್ದರು. ಸೆನೆಟ್‌ಗೆ ಹೋದ ಪತ್ರಗಳಿಗೆ ಸಹಿ ಟ್ರಾಜನ್‌ದಲ್ಲ, ಪ್ಲೊಟೀನಾಳದು. ಹಿಂದೆ ಯಾವತ್ತೂ ಅವಳು ಹಾಗೆ ಸಹಿ ಹಾಕಿದವಳಲ್ಲ. ಟ್ರಾಜನ್ ಸತ್ತಮೇಲೆ ಕ್ಷೀಣ ದನಿಯಲ್ಲಿ ಅವನ ಹಾಗೆ ಮಾತಾಡೋಕೆ ಯಾರನ್ನೋ ಹಾಸಿಗೆಯಲ್ಲಿ ಮಲಗಿಸಿದ್ದರು ಅನ್ನೋ ಇನ್ನೊಂದು ಕಥೆಯೂ ಇದೆ. ಅಷ್ಟು ದೂರಕ್ಕೆ ನಾನು ಹೋಗಲ್ಲ. ಹೇಡ್ರಿಯನ್ ಇಪ್ಪತ್ತೊಂದು ವರ್ಷ ಆಳಿದ, ಚೆನ್ನಾಗೇ ಆಳಿದ.

ಆದ್ರೆ ಒಂದು ಕಲ್ಲು ಇದೆ. ರೋಮ್‌ನಲ್ಲಿ ಸಿಕ್ಕಿದ ಸಮಾಧಿ ಕಲ್ಲು. ಅದರಲ್ಲಿರೋ ಹೆಸರು ಮಾರ್ಕಸ್ ಉಲ್ಪಿಯಸ್ ಫೇಡಿಮಸ್. ಟ್ರಾಜನ್‌ನ ಮನೆಯಲ್ಲಿ ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಚಕ್ರವರ್ತಿಗೆ ಪಾನೀಯ ಕೊಡೋದು, ಊಟದ ಮನೆ ನೋಡ್ಕೊಳ್ಳೋದು ಅವನ ಕೆಲಸ. ಅಂದ್ರೆ ಕೊನೆಯ ದಿನಗಳಲ್ಲಿ ಆ ಕೋಣೆಗೆ ಹೋಗಿ ಬಂದು ಮಾಡೋ ಅಧಿಕಾರ ಇದ್ದ ಕೆಲವೇ ಜನರಲ್ಲಿ ಒಬ್ಬ. ಒಳಗಿರೋದ್ಯಾರು, ಮಾತಾಡ್ತಿರೋದ್ಯಾರು, ಬಟ್ಟಲು ತುಂಬಿ ಹೋಗಿ ತುಂಬಿಯೇ ವಾಪಸ್ ಬಂತಾ, ಎಲ್ಲ ಅವನಿಗೆ ಗೊತ್ತಿರಲೇಬೇಕು. ಆಗಸ್ಟ್ 12ರಂದು, ಹೇಡ್ರಿಯನ್‌ಗೆ ಸಾವಿನ ಸುದ್ದಿ ಮುಟ್ಟಿದ ಮಾರನೇ ದಿನ, ಅದೇ ಸೆಲಿನಸ್‌ನಲ್ಲಿ ಫೇಡಿಮಸ್ ಕೂಡ ಸತ್ತ. ವಯಸ್ಸು ಇಪ್ಪತ್ತೆಂಟು. ಒಡೆಯನಿಗೆ ಬಂದ ಕಾಯಿಲೆಯೇ ಅವನಿಗೂ ಅಂಟಿರಬಹುದು. ದುಃಖ ತಾಳಲಾರದೆ ಜೀವ ಕಳ್ಕೊಂಡಿರಬಹುದು. ಕಲ್ಲಿನ ಮೇಲೆ ಕಾರಣ ಇಲ್ಲ. ಅವನ ಅಸ್ಥಿಯನ್ನ ರೋಮ್‌ಗೆ ತಂದದ್ದು ಯಾವಾಗ ಅನ್ನೋದು ಮಾತ್ರ ಇದೆ. ಕ್ರಿ.ಶ. 130ರಲ್ಲಿ. ಹದಿಮೂರು ವರ್ಷ ಆದಮೇಲೆ.